ಡ್ರೈವರ್, ಚಾಲಕ

ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕಿನ ಗೇಟಿನ ಹೊರಗೆ ‘ಡ್ರೈವರ್’ ಎಂದರೆ ಕ್ಯಾಬ್ ಓಡಿಸುವವರು. ಒಳಗೆ, ಯಂತ್ರಾಂಶವನ್ನು ದುಡಿಸುವ ತಂತ್ರಾಂಶ. ಇಂಗ್ಲಿಷಿನ ‘ಡ್ರೈವ್’ಗೆ ದನಕರು ಅಟ್ಟುವುದೆಂಬ ಹಳೆಯ ಅರ್ಥವಿದೆ. ನಮ್ಮ ಹಳ್ಳಿಗಳಲ್ಲಿ ಗಾಡಿ ‘ಹೊಡೆಯುವುದು’ ಅದಕ್ಕೆ ಹತ್ತಿರದ ಮಾತು. ‘ಚಾಲಕ’ ಸಂಸ್ಕೃತದ ‘ಚಲ್’ ಧಾತುವಿನಿಂದ ಬಂದದ್ದು: ಚಲಿಸುವಂತೆ ಮಾಡುವವನು. ಸಾರಿಗೆ ನಿಗಮಗಳ ನೇಮಕಾತಿ ಪ್ರಕಟಣೆಗಳಲ್ಲಿ ‘ಚಾಲಕ-ಕಂ-ನಿರ್ವಾಹಕ’ ಎಂಬ ಮಿಶ್ರತಳಿಯೂ ಉಂಟು.

ಗೇಟಿನ ಒಳಗಿನ ಡ್ರೈವರಿಗೆ ಬಂದರೆ, ಲಿನಕ್ಸ್‌ಗೆ ಸೌಂಡ್ ಕಾರ್ಡ್ ಡ್ರೈವರ್ ಬರೆಯುವವರು ‘ಆಲ್ಸಾ’ ಎಂಬ ಚೌಕಟ್ಟಿನೊಳಗೆ ಬರೆಯುತ್ತಾರೆ. ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಶುರುಮಾಡಿದ ಈ ಯೋಜನೆಗೆ ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಒಂದೇ ಕಾರ್ಡಿನ ಡ್ರೈವರ್ ಮೂಲ. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್‌ನಲ್ಲಿ ಅದು ಹಳೆಯ ಧ್ವನಿ ಚೌಕಟ್ಟಾದ ಓಎಸ್‌ಎಸ್‌ನ ಜಾಗ ಹಿಡಿಯಿತು. ಹೊಸಬರು ಮೊದಲು ಓದಬೇಕಾದದ್ದು ಕರ್ನಲ್‌ನಲ್ಲೇ ಇರುವ ‘ಡಮ್ಮಿ’ ಡ್ರೈವರ್. ನಿಜವಾದ ಕಾರ್ಡೇ ಬೇಡ. ಆದರೂ ಕಾರ್ಡ್ ನೋಂದಣಿ, ಪಿಸಿಎಂ ಸಾಧನ, ಬಫರ್ ಎಲ್ಲವೂ ಅದರಲ್ಲಿವೆ. ಸಿಡಿ ಗುಣಮಟ್ಟದ ಧ್ವನಿಗೆ ಪ್ರತಿ ಚಾನೆಲ್‌ನಲ್ಲಿ ಸೆಕೆಂಡಿಗೆ 44,100 ಮಾದರಿಗಳು ಬೇಕು. ಅವನ್ನು ತುಂಬಿಟ್ಟ ಬಫರಿನ ಒಂದೊಂದು ಭಾಗ ನುಡಿಸಿ ಮುಗಿದಾಗ ನಿಜವಾದ ಕಾರ್ಡು ಇಂಟರಪ್ಟ್ ಸಂಕೇತ ಕಳಿಸುತ್ತದೆ, ಡ್ರೈವರ್ ಅದನ್ನು ಆಲ್ಸಾಗೆ ತಿಳಿಸುತ್ತದೆ. ತಡವಾದರೆ ಧ್ವನಿ ತುಂಡಾಗುತ್ತದೆ.

ಡ್ರೈವರ್ ಮನುಷ್ಯರೋ ತಂತ್ರಾಂಶವೋ ಎಂದು ಬೇರ್ಪಡಿಸುವಲ್ಲಿ ಕನ್ನಡದ ಲಿಂಗ ವ್ಯವಸ್ಥೆ ಚುರುಕು. ‘ಡ್ರೈವರ್ ಬಂದರಾ?’ ಎಂದರೆ ಕ್ಯಾಬು, ‘ಡ್ರೈವರ್ ಲೋಡ್ ಆಯ್ತಾ?’ ಎಂದರೆ ಕಂಪ್ಯೂಟರು. ಬಹುವಚನದಲ್ಲಿ ಬಸ್ಸಿನವರು ಚಾಲಕರು, ತಂತ್ರಾಂಶಗಳು ಚಾಲಕಗಳು. ಎರಡನೆಯದು ಕೆಲವರ ಕಿವಿಗೆ ಒರಟು. ಸೆಮಿಕಂಡಕ್ಟರುಗಳಿಗೆ ‘ಅರೆವಾಹಕಗಳು’ ಒಗ್ಗಿರುವಾಗ ಇದಕ್ಕೇಕೆ ಮುಜುಗರವೋ!