ಕೊಯಮತ್ತೂರು ಸೀಮೆಯ ಕನ್ನಡ ಮನೆಗಳು ಮತ್ತು ಎರಡು ನುಡಿಯ ಎಳೆಯರು

ಕೊಯಮತ್ತೂರು ಸೀಮೆಯು 1799ರಲ್ಲಿ ಟಿಪ್ಪು ಸುಲ್ತಾನನು ಮಡಿಯುವವರೆಗೂ ಮೈಸೂರು ರಾಜ್ಯಕ್ಕೆ ಸೇರಿದ್ದಿತು. ಅನಂತರ ಕುಂಪಣಿಯ ವಶವಾಯಿತು. 1956ರ ನವೆಂಬರ್ 1ರಂದು ಆ ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಬಂದಿತು, ತಾಳವಾಡಿಯು ಅಲ್ಲಿಯೇ ಉಳಿಯಿತು. ಗಡಿಗೆರೆ ಹೀಗೆ ಸರಿದಾಡಿದರೂ ಮನೆಮಾತು ಸರಿಯಲಿಲ್ಲ. ಇಂದಿನ ಕೊಯಮತ್ತೂರು, ಹಾಗೂ 2009ರಲ್ಲಿ ರಚಿತವಾದ ತಿರುಪ್ಪೂರು ಜಿಲ್ಲೆಗಳಲ್ಲಿ ದೇವಾಂಗರೇ ಮೊದಲಾದ ಹಲವು ಸಮುದಾಯಗಳ ಮನೆಗಳಲ್ಲಿ ಕನ್ನಡವೇ ಆಡುನುಡಿ. ಮಗ್ಗದ ಮುಂದೆ, ಚೌಡೇಶ್ವರಿಯ ಗುಡಿಯಂಗಳದಲ್ಲಿ ಅದು ಕೇಳಿಬರುತ್ತದೆ. ಲೆಕ್ಕಪತ್ರ, ಮದುವೆಯ ಕರೆಯೋಲೆ, ಶಾಲೆಯ ಪಾಠ ಇವೆಲ್ಲ ಬಹುಮಟ್ಟಿಗೆ ತಮಿಳು. ಇವರ ಮಕ್ಕಳಿಗೆ ಎರಡೂ ಸ್ವಂತ ನುಡಿಗಳೇ.

ಶಾಂತಿಕಾಲದಲ್ಲಿ ಇದು ಯಾರಿಗೂ ತೊಡಕೆನಿಸದು. ಆದರೆ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವು ರಾಜ್ಯಪತ್ರದಲ್ಲಿ ಪ್ರಕಟವಾದ 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ಹಲ್ಲೆಗಳಾದುವು. ಸಾವಿರಾರು ಮಂದಿ ಮನೆ ಬಿಟ್ಟು ತಮಿಳುನಾಡಿಗೆ ಹೋದರು. ಗಡಿಯ ಆ ಬದಿಯಲ್ಲಿ ಕನ್ನಡಿಗರೂ ಕೆಲವೆಡೆ ಪೆಟ್ಟು ತಿಂದರು. 2016ರ ಸೆಪ್ಟೆಂಬರಿನಲ್ಲಿ ಎರಡು ರಾಜ್ಯಗಳಲ್ಲೂ ಅದೇ ಕಹಿ ಮರುಕಳಿಸಿತು. ಇಂಥ ಸಮಯದಲ್ಲಿ ಬೀದಿಯು ಕೇಳುವುದು ಒಂದೇ ಪ್ರಶ್ನೆ: ‘ನೀನು ಯಾರ ಕಡೆಯವನು?’ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ತಮಿಳು ಹುಡುಗನಿಗೂ ಕೊಯಮತ್ತೂರಿನ ಕನ್ನಡ ಮನೆಯ ಹುಡುಗನಿಗೂ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಅಂಜಿದ ಎಳೆಯನು ಮೊದಲು ಅಡಗಿಸುವುದು ಮನೆಮಾತನ್ನೇ.

ಜನರನ್ನು ಒಂದೇ ಹೆಸರಿಗೆ ಕಟ್ಟಿಹಾಕುವುದರ ಪರಮ ಘೋರ ಪರಿಣಾಮವನ್ನು ಆಫ್ರಿಕಾದ ರುವಾಂಡವು ಕಂಡಿತು. ಅಲ್ಲಿ ಹುಟು ಮತ್ತು ಟುಟ್ಸಿ ಕುಲಗಳ ನಡುವೆ ಮದುವೆಯಾದರೆ ಮಕ್ಕಳಿಗೆ ತಂದೆಯ ಕುಲವೇ ಸಲ್ಲುತ್ತಿದ್ದಿತು. ಗುರುತಿನ ಚೀಟಿಯಲ್ಲಿಯೂ ಅದೇ ದಾಖಲಾಗುತ್ತಿದ್ದಿತು. 1994ರ ಹತ್ಯಾಕಾಂಡದಲ್ಲಿ ಆ ಬರಹವೇ ಅನೇಕರ ಪ್ರಾಣಕ್ಕೆ ಎರವಾಯಿತು; ಬಳಿಕ ಚೀಟಿಯಿಂದ ಕುಲನಾಮವನ್ನೇ ತೆಗೆದರು. ನಮ್ಮ ಗಲಭೆಗಳನ್ನು ಅದಕ್ಕೆ ಸಮನೆನ್ನುವುದು ಸಲ್ಲದು. ಎಚ್ಚರಿಕೆಯನ್ನು ಮಾತ್ರ ಕಲಿಯಬಹುದು.

ಹೆಸರನ್ನು ಅಳಿಸುವುದು ಒಂದು ದಾರಿ. ಒಂದಕ್ಕಿಂತ ಹೆಚ್ಚಿನದಕ್ಕೆ ಎಡೆಗೊಡುವುದು ಇನ್ನೊಂದು. ನಮ್ಮ ಜನಗಣತಿಯು ಮಾತೃಭಾಷೆಯೊಂದಿಗೆ ಬಲ್ಲ ಇನ್ನೆರಡು ಭಾಷೆಗಳನ್ನೂ ಬರೆದುಕೊಳ್ಳುತ್ತದೆ. ಗಡಿನಾಡಿನ ಉಪಾಧ್ಯಾಯರು ಈ ವಿವೇಕವನ್ನು ತರಗತಿಗೆ ತರಬೇಕು. ಮಾತೃಭಾಷೆ ಕನ್ನಡವೆಂದು ಹೇಳಿದ ಮಾತ್ರಕ್ಕೆ ಬಾಲಕನು ತಮಿಳಿಗೆ ಎರವಾಗನು. ತಮಿಳಿನಲ್ಲಿ ಸೊಗಸಾಗಿ ಬರೆದ ಮಾತ್ರಕ್ಕೆ ಅಜ್ಜಿಯ ನುಡಿಗೆ ದ್ರೋಹಿಯಾಗನು. ಇದನ್ನು ಅವನಿಗೆ ಮನಗಾಣಿಸುವ ಹೊಣೆ ನಮ್ಮದು.