ಆಶ್ರಯದ ನೆಲ ಯಾರ ಸೊತ್ತು?

ದಾನವಿತ್ತ ಭೂಮಿಯನ್ನು ಅಪಹರಿಸಿದವರಿಗೆ ನರಕವೇ ಗತಿಯೆಂದು ನಮ್ಮ ಶಿಲಾಶಾಸನಗಳು ಕೊನೆಯಲ್ಲಿ ಶಪಿಸುತ್ತವೆ. ಶಾಪಕ್ಕೆ ಜನ ಅಂಜದ ಕಾಲದಲ್ಲಿ ಆ ಕೆಲಸವನ್ನು ಕಾನೂನೇ ಮಾಡಬೇಕು. ಆದರೆ ಧರ್ಮಕಾರ್ಯಕ್ಕೆಂದು ಪಡೆದ ನೆಲವನ್ನು ಅದರ ಆಡಳಿತಗಾರರೇ, ಕಾನೂನಿಗೆ ಒಳಪಟ್ಟೇ ಮಾರಿದರೆ ಕೇಳುವವರು ಯಾರು? ಲಂಡನ್ನಿನಲ್ಲಿ 1926ರಲ್ಲಿ ಈ ಪ್ರಶ್ನೆ ಎದ್ದಿತು.

ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನನು ಬೀದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಕಂಡು ಮರುಗಿ, ಹದಿನೇಳು ವರ್ಷ ದೊಡ್ಡವರ ಬಾಗಿಲು ಬಡಿದು, 1739ರಲ್ಲಿ ಎರಡನೆಯ ಜಾರ್ಜ್ ದೊರೆಯಿಂದ ಸನ್ನದು ಪಡೆದನು. ಹೀಗೆ ಹುಟ್ಟಿದ್ದು ಫೌಂಡ್ಲಿಂಗ್ ಹಾಸ್ಪಿಟಲ್. ಹೆಸರು ಹಾಸ್ಪಿಟಲ್ ಆದರೂ ಅದು ಆಸ್ಪತ್ರೆಯಲ್ಲ, ಅನಾಥಾಲಯ. ಅಂದು ಊರಂಚಾಗಿದ್ದ ಬ್ಲೂಮ್ಸ್‌ಬರಿಯಲ್ಲಿ 56 ಎಕರೆ ಹೊಲ ಕೊಂಡು ಕಟ್ಟಡವೆಬ್ಬಿಸಿದರು. ಚಿತ್ರಕಾರ ಹೋಗಾರ್ತ್ ತನ್ನ ಚಿತ್ರಗಳನ್ನು ಕೊಟ್ಟನು. ಸಂಗೀತಗಾರ ಹ್ಯಾಂಡೆಲ್ ಅಲ್ಲಿನ ಪ್ರಾರ್ಥನಾಮಂದಿರದಲ್ಲಿ ಕಛೇರಿ ನಡೆಸಿ ಹಣ ಕೂಡಿಸಿದನು.

ಕಾಲಕ್ರಮದಲ್ಲಿ ನಗರ ಬೆಳೆದು ಆ ಹೊಲಗಳನ್ನು ನುಂಗಿತು. ಮಕ್ಕಳಿಗೆ ಹಳ್ಳಿಯ ಗಾಳಿ ಹಿತವೆಂದು ಆಡಳಿತಗಾರರು 1926ರಲ್ಲಿ ಅವರನ್ನು ಹೊರಗೆ ಸಾಗಿಸಿ, ಆ ಆಸ್ತಿಯನ್ನು ಜೇಮ್ಸ್ ವೈಟ್ ಎಂಬ ಭೂವ್ಯಾಪಾರಿಗೆ ಮಾರಿದರು. ಕೋವೆಂಟ್ ಗಾರ್ಡನ್ನಿನ ಹಣ್ಣುತರಕಾರಿ ಮಾರುಕಟ್ಟೆಯನ್ನು ಅಲ್ಲಿಗೆ ತರಬೇಕೆಂಬುದು ಆತನ ಬಯಕೆ. ಸುತ್ತಲಿನ ನಿವಾಸಿಗಳು ತಿರುಗಿಬಿದ್ದರು, ಯೋಜನೆ ಮುರಿಯಿತು. ಆದರೂ ಅನಾಥಾಲಯದ ಕಟ್ಟಡವನ್ನು ಕೆಡವುವುದು ತಪ್ಪಲಿಲ್ಲ.

ಆಗ ನಗರ ಯೋಜನೆಯ ಕಾನೂನು ಇರಲಿಲ್ಲವೆ? ಇತ್ತು. ಆದರೆ 1909ರ ಶಾಸನ ಮುಖ್ಯವಾಗಿ ಹೊಸ ಬಡಾವಣೆಗಳಾಗುವ ನೆಲಕ್ಕೆ ಸಂಬಂಧಿಸಿದ್ದು. ಕಟ್ಟಿ ಮುಗಿದ ನಗರದ ನಡುವೆ ಅದರ ಕೈ ಮೋಟು. ಆದುದರಿಂದ ಜನರಿಗೆ ಉಳಿದದ್ದು ಎರಡೇ ಆಯುಧ: ಹಟ ಮತ್ತು ಹಣ. ಜಾನೆಟ್ ಟ್ರೆವೆಲಿಯನ್ ಎಂಬ ಮಹಿಳೆ ಮುಂದೆ ನಿಂತು ಚಂದಾ ಎತ್ತಿದರು. ಪತ್ರಿಕೋದ್ಯಮಿ ಲಾರ್ಡ್ ರಾದರ್‌ಮಿಯರ್ ಧಾರಾಳವಾಗಿ ಕೊಟ್ಟನು. ಏಳು ಎಕರೆ ಉಳಿದು, 1936ರಲ್ಲಿ ‘ಕೋರಮ್ಸ್ ಫೀಲ್ಡ್ಸ್’ ಎಂಬ ಮಕ್ಕಳ ಆಟದ ಬಯಲಾಯಿತು. ಹಳೆಯ ಕಂಬಸಾಲುಗಳು ಇಂದಿಗೂ ಅಲ್ಲಿವೆ. ಮಗುವಿನ ಜೊತೆಯಿಲ್ಲದ ವಯಸ್ಕರಿಗೆ ಒಳಗೆ ಪ್ರವೇಶವಿಲ್ಲ.

ಧನಿಕನೊಬ್ಬನ ಔದಾರ್ಯ ಪ್ರತಿ ಊರಿಗೂ ಒದಗದು. 1947ರ ನಗರ ಮತ್ತು ಗ್ರಾಮ ಯೋಜನಾ ಶಾಸನದ ಹಿರಿಮೆ ಇರುವುದು ಇಲ್ಲಿ. ಕಟ್ಟಲು ಮಾತ್ರವಲ್ಲ, ಕಟ್ಟಡದ ಉಪಯೋಗವನ್ನು ಗಣನೀಯವಾಗಿ ಬದಲಿಸಲು ಕೂಡ ಅನುಮತಿ ಬೇಕೆಂದು ಅದು ವಿಧಿಸಿತು. ಮಾಲೀಕನ ಖಾಸಗಿ ವ್ಯವಹಾರವಾಗಿದ್ದುದು ಊರಿನ ವಿಚಾರವಾಯಿತು.

ಜಗಳ ಮಾತ್ರ ಮುಗಿಯಲಿಲ್ಲ, ವೇಷ ಬದಲಿಸಿತು. ಇಂಗ್ಲೆಂಡಿನ 1987ರ ಆಜ್ಞೆಯೊಂದು ವೃದ್ಧಾಶ್ರಮದಂಥ ಶುಶ್ರೂಷಾಲಯಗಳನ್ನು ‘ಸಿ2’ ವರ್ಗದಲ್ಲಿಯೂ, ಸಾಧಾರಣ ಮನೆಗಳನ್ನು ‘ಸಿ3’ ವರ್ಗದಲ್ಲಿಯೂ ಇರಿಸಿತು. ಮುಚ್ಚಿದ ವೃದ್ಧಾಶ್ರಮವನ್ನು ಕೆಡವಿ ಮನೆ ಕಟ್ಟಹೊರಟವನು ಈ ಗೆರೆಯನ್ನು ದಾಟಬೇಕು. 2014ರ ನವೆಂಬರಿನಲ್ಲಿ ಸರ್ಕಾರ ಮತ್ತೊಂದು ನಿಯಮ ತಂದಿತು: ಖಾಲಿಬಿದ್ದ ಕಟ್ಟಡದ ಜಾಗದಲ್ಲಿ ಹೊಸದನ್ನು ಕಟ್ಟುವವನು ಬಡವರಿಗೆಂದು ಒದಗಿಸಬೇಕಾದ ಅಗ್ಗದ ಮನೆಗಳ ಪಾಲಿನಲ್ಲಿ ರಿಯಾಯಿತಿ ಪಡೆಯಬಹುದು. 2015ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿಗೆ ಕಟ್ಟಡ ಖಾಲಿಯಾಗಿರುವುದೇ ಒಂದು ಲಾಭವಾಯಿತು. ಅದು ತಾನಾಗಿ ಖಾಲಿಯಾಯಿತೋ, ಹೊಸದು ಕಟ್ಟಲೆಂದೇ ಖಾಲಿ ಮಾಡಿಸಿದರೋ ಎಂಬುದನ್ನು ನೋಡಬೇಕೆಂದು ಸರ್ಕಾರದ ಸೂಚನೆಯೇ ಹೇಳಬೇಕಾಯಿತು.

ಮನೆಗಳು ಬೇಡವೆಂದು ಹೇಳುವವರಾರು? ಹಳತೆಲ್ಲ ಉಳಿಯಬೇಕೆಂಬುದೂ ಹಟವೇ. ಆದರೆ ಯೋಜನಾ ಕಾನೂನು ನೆಲದ ‘ಉಪಯೋಗ’ವನ್ನು ವಿಚಾರಿಸುತ್ತದೆ, ಅದರ ಋಣವನ್ನು ವಿಚಾರಿಸುವುದಿಲ್ಲ. ಆಶ್ರಯಕ್ಕೆಂದು ಕೊಂಡ ನೆಲ ಕೈಬದಲಾದಾಗ ಆಶ್ರಯ ಬೇಕಾದವರಿಗೆ ದಕ್ಕಿದ್ದೇನು ಎಂದು ಕೇಳುವ ಕೆಲಸ ಇಂದಿಗೂ ಊರವರದೇ. 1926ರಲ್ಲಿ ಅವರು ಅದನ್ನು ಬೀದಿಯಲ್ಲಿ ನಿಂತು ಕೇಳಬೇಕಾಗಿತ್ತು. 1947ರ ಬಳಿಕ ಅರ್ಜಿಯ ಮೂಲಕ ಕೇಳಬಹುದು. ಕಾನೂನು ಕೊಟ್ಟದ್ದು ಇಷ್ಟು. ಇದು ಸಣ್ಣದಲ್ಲ, ಆದರೆ ಕೇಳುವವರಿಲ್ಲದಿದ್ದರೆ ಏನೂ ಅಲ್ಲ.