ಪಿಂಪ್ರಿಯ ಹೆಸರು ಹೊತ್ತ ಸೂಕ್ಷ್ಮಜೀವಿ

ಮಗರಪಟ್ಟಾದಲ್ಲಿ ನೆಲೆಸಿರುವ ನಾವು ಊರಿನ ಇನ್ನೊಂದು ಕೊನೆಯ ಪಿಂಪ್ರಿಗೆ ನಂಟರ ಮನೆಗೆಂದೋ ಕೆಲಸಕ್ಕೆಂದೋ ಹೋಗಿಬರುತ್ತೇವೆ. ಆ ಪಿಂಪ್ರಿಯ ಹೆಸರನ್ನು ವಿಜ್ಞಾನದ ಗ್ರಂಥಗಳಿಗೆ ಏರಿಸಿದವರು ಕನ್ನಡನಾಡಿನಿಂದ ಬಂದವರೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ.

ಅಲ್ಲಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪನೆಯಾದುದು 1954ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್ ನೆರವಿನಿಂದ. ಮೊದಲ ಗುರಿ ಪೆನಿಸಿಲಿನ್. ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಎಂ. ಜೆ. ತಿರುಮಲಾಚಾರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಗಿಡಗಳ ತುಕ್ಕುರೋಗದ ಬೂಷ್ಟುಗಳನ್ನು ಅಭ್ಯಸಿಸಿದ್ದವರು.

ಪೆನಿಸಿಲಿನ್‌ನಂಥ ಔಷಧಿಗಳಿಗೆ ಒಂದು ತೊಡಕುಂಟು. ಅವು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ. ಬೂಷ್ಟಿನ ಗೊಡವೆಗೆ ಹೋಗವು. ತೆರವಾದ ಜಾಗದಲ್ಲಿ ಬೂಷ್ಟು ಹಬ್ಬಿ, ಹಸುಗೂಸುಗಳ ನಾಲಗೆಯ ಮೇಲೆ ಬಿಳಿಯ ಪದರ ಕಟ್ಟುವುದುಂಟು. ಇದಕ್ಕೆ ಮದ್ದು ಬೇಕಿತ್ತು.

ತಿರುಮಲಾಚಾರರ ತಂಡಕ್ಕೆ ಅದು ದೊರೆತದ್ದು ಸ್ಟ್ರೆಪ್ಟೊಮೈಸಿಸ್ ಎಂಬ, ಮಣ್ಣಿನಲ್ಲಿ ಬಾಳುವ ಬ್ಯಾಕ್ಟೀರಿಯ ಕುಲದ ಜೀವಿಯೊಂದರಿಂದ. ಹೊಸ ಪ್ರಭೇದವೆಂದು ಸಾರುವುದು ಸುಲಭವಲ್ಲ. ಅಗರ್ ತಟ್ಟೆಯಲ್ಲಿ ಬೆಳೆದಾಗಿನ ಬಣ್ಣ, ಬೀಜಕಣಗಳ ಸರ ನೆಟ್ಟಗಿದೆಯೋ ಸುರುಳಿಯೋ, ಯಾವ ಸಕ್ಕರೆಯನ್ನು ಉಣ್ಣುತ್ತದೆ, ಯಾವುದನ್ನು ಬಿಡುತ್ತದೆ ಎಂದೆಲ್ಲ ನೋಡಿ, ತಿಳಿದ ಪ್ರಭೇದಗಳೊಡನೆ ಹೋಲಿಸಬೇಕು. ನಮ್ಮ ಪಾಲಿಗೆ ಅದು ತಾಳ್ಮೆಯ ಪರೀಕ್ಷೆಯೇ ಸರಿ! ಕೊನೆಗೆ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ. 1961ರಲ್ಲಿ ಪ್ರಕಟವಾದ ಔಷಧಿ ಹ್ಯಾಮೈಸಿನ್.

ಆ ಜೀವಿ ತಾನೇ ತಯಾರಿಸಿದ ವಿಷಕ್ಕೆ ತಾನೇಕೆ ಸಾಯದು? ಹ್ಯಾಮೈಸಿನ್ ಹಿಡಿಯುವುದು ಬೂಷ್ಟಿನ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು. ಬ್ಯಾಕ್ಟೀರಿಯಗಳಲ್ಲಿ ಅದಿಲ್ಲ.

ಅದೇ ಪ್ರಯೋಗಶಾಲೆ ಮುಂದೆ ಆರಿಯೋಫಂಜಿನ್ ಎಂಬ ಇನ್ನೊಂದನ್ನು ಕಂಡುಹಿಡಿಯಿತು. ಅದು ಮನುಷ್ಯರಿಗಲ್ಲ, ಬೆಳೆಗೆ ತಗಲುವ ಬೂಷ್ಟುರೋಗಗಳಿಗೆ.